ಮೂರು ತಿಂಗಳು ಲಾಯಕ್ಕೆ ಕೊಟ್ಟೆ, ಈಗಲೂ 20 ನಿಮಿಷಕ್ಕಿಂತ ಜಾಸ್ತಿ ಕೂರುವ ಹಾಗಿಲ್ಲ

ಮೊದಲೇ ಹೇಳಿಬಿಡುತ್ತೇನೆ. ಮದುವೆ ಮೆರವಣಿಗೆಯಲ್ಲಿ ಬ್ಯಾಂಡಿಗೆ ಕುಣಿಯುವ ಕುದುರೆ ಬೇಕಾದರೆ ಈ ಲಾಯಕ್ಕೆ ಹೋಗಬೇಡಿ. ಹದಿನೈದು ದಿನದಲ್ಲಿ ಏರಿ ಊರು ಸುತ್ತಬೇಕು ಅನ್ನುವವರೂ ಬೇಡ. ಸವಾರಿಗೆ ಪಳಗಿಸಲಿ ಅಂತ ನಾನು ಮೂರು ತಿಂಗಳು ನನ್ನ ಕುದುರೆಯನ್ನು ಅಲ್ಲಿ ಬಿಟ್ಟಿದ್ದೆ. ತಿಂಗಳಿಗೆ 15,000 ರೂಪಾಯಿ, ಮೇವು ಸೇರಿ. ಒಟ್ಟು 45,000, ಮೇಲೆ ಲಾಳದ ಖರ್ಚು ಬೇರೆ. ಇಷ್ಟಾದರೂ ಇವತ್ತಿಗೂ ಅದರ ಬೆನ್ನ ಮೇಲೆ 20 ನಿಮಿಷಕ್ಕಿಂತ ಜಾಸ್ತಿ ಕೂರುವ ಹಾಗಿಲ್ಲ, ಅದೂ ಬರೀ ನಡಿಗೆಯಲ್ಲಿ. ಹಾಗಿದ್ದರೂ ಐದಕ್ಕೆ ನಾಲ್ಕು ಕೊಡುತ್ತಿದ್ದೇನೆ. ಒಂದು ಯಾಕೆ ಕಡಿಮೆಯಾಯಿತು ಅನ್ನುವುದನ್ನೂ ಬರೆಯುತ್ತೇನೆ, ಅದು ಸಣ್ಣ ತಪ್ಪೇನಲ್ಲ.

ಲಾಯ ಇರುವುದು ವಿಜಯಪುರದಿಂದ ಇಂಡಿ ಕಡೆ ಹೋಗುವ ದಾರಿಯಲ್ಲಿ, ಡಾಂಬರು ಬಿಟ್ಟು ಒಳಗೆ. ಬೋರ್ಡ್ ಇಲ್ಲ. ನಡೆಸುವವರು ವಯಸ್ಸಾದವರು, ಎಲ್ಲರೂ ಚಾಚಾ ಅನ್ನುತ್ತಾರೆ, ನಾನೂ ಹಾಗೇ ಅನ್ನುತ್ತೇನೆ. ಮೊದಲು ಗೋಲಗುಂಬಜ್ ಮುಂದೆ ಟಾಂಗಾ ಹೊಡೆಯುತ್ತಿದ್ದರು. ನಿಮ್ಮ ಹೆಸರು ಹಾಕಲೇ ಎಂದು ಕೇಳಿದೆ. "ಬ್ಯಾಡ್ರಿ ಗೌಡ್ರ, ಇರೋ ಆರು ಕುದುರಿ ನೋಡ್ಕೊಳ್ಳೂದ ಆಗವಲ್ದು" ಎಂದರು. ಹಾಗಾಗಿ ಹೆಸರಿಲ್ಲ. ಬೇಕಾದವರು ಊರಿನಲ್ಲಿ ಉಳಿದಿರುವ ಟಾಂಗಾದವರನ್ನು ಕೇಳಿ, ದಾರಿ ಹೇಳುತ್ತಾರೆ.

ನನ್ನ ಕುದುರೆಯ ಹೆಸರು ಚಿಗರಿ. ಹೋದ ವರ್ಷದ ಹಿಂದಿನ ದೀಪಾವಳಿ ಹೊತ್ತಿಗೆ ಸೊಲ್ಲಾಪುರ ಜಿಲ್ಲೆಯ ಅಕಲೂಜಿನ ಕುದುರೆ ಬಜಾರಿಗೆ ಹೋಗಿದ್ದೆ, ಸುಮ್ನೆ ನೋಡಿ ಬರೋಣ ಅಂತ. ಅಲ್ಲಿ ಮಾರವಾಡಿ, ಕಾಠಿಯಾವಾಡಿ, ಬೆಳ್ಳಗಿನ ನುಕ್ರಾ, ಎಲ್ಲವನ್ನೂ ಸಾಲಾಗಿ ಕಟ್ಟಿರುತ್ತಾರೆ. ಕಿವಿಯ ತುದಿ ಒಳಗೆ ಬಾಗಿ ಒಂದಕ್ಕೊಂದು ತಾಗಿದರೆ ಮಾರವಾಡಿ ರಕ್ತ ಅಂತ ರೇಟು ಏರುತ್ತದೆ. ವ್ಯಾಪಾರಿ ಸುಳಿಯ ಬಗ್ಗೆಯೇ ಅರ್ಧ ಗಂಟೆ ಮಾತಾಡಿದ. ಹಣೆಯ ಸುಳಿ, ಕುತ್ತಿಗೆಯ ಸುಳಿ, ಯಾವುದು ಮನೆಗೆ ಆಗಿ ಬರುತ್ತದೆ, ಯಾವುದು ಬರುವುದಿಲ್ಲ. ಗೊರಸಿನ ಬಗ್ಗೆ, ಬೆನ್ನಿನ ಬಗ್ಗೆ ಅವನು ಹೇಳಲೂ ಇಲ್ಲ, ನಾನು ಕೇಳಲೂ ಇಲ್ಲ. ಕೆಂಪುಗಂದು ಮೈ, ಕಪ್ಪು ಕಾಲು, ಹಣೆಯಲ್ಲಿ ಬಿಳಿ ಬೊಟ್ಟು, ಹೆಣ್ಣು ಕುದುರೆ. ನಾಲ್ಕು ವರ್ಷ ತುಂಬಿದೆ, ಇವತ್ತೇ ಏರಬಹುದು ಎಂದ. ನಂಬಿದೆ. ಮನೆಗೆ ತಂದಾಗ ನನ್ನ ಹೆಂಡತಿ ಕೇಳಿದ್ದು ಒಂದೇ ಮಾತು, "ಈ ರೊಕ್ಕಕ್ಕ ಎರಡ ಎಮ್ಮಿ ಬರ್ತಿದ್ದವಲ್ರಿ?" ಅದಕ್ಕೆ ಇನ್ನೂ ಉತ್ತರ ಕೊಟ್ಟಿಲ್ಲ.

ಚಾಚಾ ಹತ್ತಿರ ಹೋಗುವ ಮೊದಲು ಇನ್ನೊಬ್ಬರಿಗೆ ಕೊಟ್ಟಿದ್ದೆ. ಯಾರು, ಯಾವ ಊರು ಅಂತ ಬರೆಯುವುದಿಲ್ಲ. 15 ದಿನ, 12,000 ರೂಪಾಯಿ, ಸವಾರಿ ಗ್ಯಾರಂಟಿ. ಹದಿನಾರನೇ ದಿನ ಹೋಗಿ ನೋಡಿದರೆ ನಿಜಕ್ಕೂ ಮೇಲೆ ಒಬ್ಬ ಹುಡುಗ ಕೂತಿದ್ದ. ಚಿಗರಿ ಕತ್ತನ್ನು ಬಿಲ್ಲಿನ ಹಾಗೆ ಬಾಗಿಸಿಕೊಂಡು, ಬಾಯಲ್ಲಿ ನೊರೆ ಸುರಿಸಿಕೊಂಡು, ಮುಂಗಾಲು ಎತ್ತಿ ಎತ್ತಿ ಇಡುತ್ತಿತ್ತು. ನನಗೆ ಖುಷಿಯೋ ಖುಷಿ, ವಿಡಿಯೊ ಮಾಡಿ ನೆಂಟರಿಗೆಲ್ಲ ಕಳಿಸಿದೆ. ಮನೆಗೆ ಬಂದು ಗಾಡಿಯಿಂದ ಇಳಿಸಿದಾಗ ನೊರೆಯಲ್ಲಿ ಕೆಂಪು ಕಂಡಿತು. ಕಡಿವಾಣ ತೆಗೆದು ನೋಡಿದೆ. ಒಳಗಡೆ ಸಾಲಾಗಿ ಮೊನೆಗಳು, ಹಣಿಗೆಯ ಹಲ್ಲಿನ ಹಾಗೆ. ನಾಲಿಗೆಯ ಮೇಲೆ ಸೀಳು, ತುಟಿಯ ಮೂಲೆಯಲ್ಲಿ ಹುಣ್ಣು. ನಾನು ನೆಂಟರಿಗೆ ಕಳಿಸಿದ್ದು ಅದರ ನೋವಿನ ವಿಡಿಯೊ.

ಆಮೇಲೆ ಪಶುವೈದ್ಯರು ಹೇಳಿದ್ದು ಕೇಳಿ ನಾಚಿಕೆಯಾಯಿತು. ಇಂಥ ಮುಳ್ಳು ಕಡಿವಾಣ ಹಾಕುವುದು ಕಾನೂನಿಗೆ ವಿರುದ್ಧ, ಅದೂ ಇವತ್ತು ನಿನ್ನೆಯದಲ್ಲ. ಬಂಡಿ ಎಳೆಯುವ, ಹೊರೆ ಹೊರುವ ಪ್ರಾಣಿಗಳಿಗಾಗಿ 1965ರಲ್ಲೇ ಕೇಂದ್ರದ ನಿಯಮ ಬಂದಿದೆ, ಅದರಲ್ಲಿ ಮೊಳೆ, ಮುಳ್ಳು, ಗಂಟು ಇರುವ ಕಡಿವಾಣ ಹಾಕಬಾರದು ಅಂತ ಸ್ಪಷ್ಟವಾಗಿ ಇದೆ. ಆದರೂ ಸಂತೆಯಲ್ಲಿ ಹಗ್ಗ, ಗಂಟೆಗಳ ಪಕ್ಕದಲ್ಲೇ ನೇತು ಹಾಕಿ ಮಾರುತ್ತಾರೆ. ಒಂದೂವರೆ ತಿಂಗಳು ಬಾಯಿ ಮಾಯಲು ಹಿಡಿಯಿತು. ಅದಾದ ಮೇಲೂ ಮುಖದ ಹತ್ತಿರ ಕೈ ತಂದರೆ ತಲೆ ಎತ್ತಿ ಹಿಂದೆ ಸರಿಯುತ್ತಿತ್ತು. ಆರೇಳು ತಿಂಗಳು ಸುಮ್ನೆ ತೋಟದಲ್ಲಿ ಬಿಟ್ಟೆ. ಮುದ್ದು ಮಾಡಿ ಸರಿ ಮಾಡುತ್ತೇನೆ ಅಂತ ದಿನಾ ಬೆಲ್ಲ ತಿನ್ನಿಸಿದೆ. ಬೆಲ್ಲ ತಿಂದು ಕಚ್ಚುವುದು ಕಲಿಯಿತು.

ಹೀಗೆ ಕಳೆದ ಆಗಸ್ಟ್‌ನಲ್ಲಿ ಚಾಚಾ ಹತ್ತಿರ ಹೋಗಿದ್ದು.

ಮೊದಲ ದಿನ ಅವರು ಜೀನು ಕೇಳಲಿಲ್ಲ, ಲಗಾಮು ಕೇಳಲಿಲ್ಲ. ಮೆಲ್ಲಗೆ ತುಟಿ ಎತ್ತಿ ಹಲ್ಲು ನೋಡಿದರು. "ನಾಕ ವರ್ಷ ಅಂತ ಯಾರ್ ಹೇಳ್ಯಾರ್ರಿ?" ಕುದುರೆಯ ಮುಂದಿನ ಹಾಲುಹಲ್ಲು ಬೀಳುವುದಕ್ಕೆ ಲೆಕ್ಕ ಇದೆ. ನಡುವಿನ ಜೋಡಿ ಎರಡೂವರೆ ವರ್ಷಕ್ಕೆ ಬಿದ್ದು ದೊಡ್ಡ ಹಲ್ಲು ಬರುತ್ತದೆ, ಅದರ ಪಕ್ಕದ ಜೋಡಿ ಮೂರೂವರೆಗೆ, ಮೂಲೆಯ ಜೋಡಿ ನಾಲ್ಕೂವರೆಗೆ. ಚಿಗರಿಯದು ಪಕ್ಕದ ಜೋಡಿ ಆಗ ತಾನೇ ಮೊಳಕೆಯ ಹಾಗೆ ಮೇಲೆ ಬರುತ್ತಿತ್ತು. ಅಂದರೆ ಮೂರೂವರೆ. ಅಂದರೆ ನಾನು ಕೊಂಡಾಗ ಅದಕ್ಕೆ ಮೂರು ಕೂಡ ತುಂಬಿರಲಿಲ್ಲ, ಆ 15 ದಿನದ ಗ್ಯಾರಂಟಿಯವರು ಏರಿ ಕುಣಿಸಿದ್ದು ಒಂದು ಮರಿಯನ್ನು. ಕಾಲಿನ ಕೆಳಗಿನ ಎಲುಬು ಬೇಗ ಗಟ್ಟಿಯಾಗುತ್ತದೆ, ಬೆನ್ನೆಲುಬು ಪೂರ್ತಿ ಕೂಡಿಕೊಳ್ಳುವುದು ಎಲ್ಲಕ್ಕಿಂತ ಕೊನೆಗೆ, ಐದು ವರ್ಷ ದಾಟಿದ ಮೇಲೆ. ನಾವು ಕೂರುವುದು ಬೆನ್ನ ಮೇಲೆ. ಇಷ್ಟು ಸಣ್ಣ ವಿಷಯ, ಸುಳಿಯ ಬಗ್ಗೆ ಅಷ್ಟು ಹೇಳಿದವರು ಯಾರೂ ಹೇಳಲಿಲ್ಲ ನೋಡಿ.

ಮೊದಲ ತಿಂಗಳು ಯಾರೂ ಅದರ ಮೇಲೆ ಹತ್ತಲಿಲ್ಲ. ನಾನು ಭಾನುವಾರ ಭಾನುವಾರ ಹೋಗುತ್ತಿದ್ದೆ. ಮೊದಲ ವಾರ ನೋಡಿದ್ದು: ಚಾಚಾ ಹಗ್ಗ ಹಿಡಿದು ನಿಂತಿದ್ದಾರೆ, ಚಿಗರಿ ನಿಂತಿದೆ. ಎರಡನೇ ವಾರ: ಚಾಚಾ ಎರಡು ಹೆಜ್ಜೆ ಹಿಂದೆ ಹೋದರು, ಚಿಗರಿ ಎರಡು ಹೆಜ್ಜೆ ಮುಂದೆ ಬಂತು. ಮೂರನೇ ವಾರ ನಾನು ಕೇಳಿಯೇ ಬಿಟ್ಟೆ, ಇದಕ್ಕೆ 15,000 ಯಾಕೆ ಕೊಡಬೇಕು, ನಿಲ್ಲುವುದು ಮನೆಯಲ್ಲೂ ನಿಲ್ಲುತ್ತದೆ ಅಂತ. ಸ್ವಲ್ಪ ಜೋರಾಗಿಯೇ ಕೇಳಿದೆ. ಅವರು ಜಗಳಕ್ಕೆ ಬರಲಿಲ್ಲ. ಹಗ್ಗ ನನ್ನ ಕೈಗೆ ಕೊಟ್ಟು, "ನಿಲ್ಲಸ್ರಿ ನೋಡೂಣು" ಎಂದರು. ನಿಲ್ಲಿಸಲು ಆಗಲಿಲ್ಲ. ಬೆಲ್ಲಕ್ಕಾಗಿ ಜೇಬಿಗೆ ಮೂಗು ಹಾಕಿತು, ಭುಜಕ್ಕೆ ಗುದ್ದಿತು, ನಾನು ಹಿಂದೆ ಹಿಂದೆ ಸರಿದು ಬೇಲಿಗೆ ಅಂಟಿದೆ. ಲಾಯದ ಹುಡುಗ ಆ ಕಡೆ ಮುಖ ಮಾಡಿ ನಕ್ಕ. ಚಾಚಾ ಅಂದರು, "ಈಗ ಯಾರ್ ಯಾರ್ನ ತಿರುವ್ಯಾಕತ್ತಾರ?" ಬೆಲ್ಲ ಅವತ್ತೇ ಬಂದ್.

ಅವರು ಮಾಡುವುದು ಏನು ಅಂತ ನನಗೆ ಅರ್ಥವಾದಷ್ಟು ಹೇಳುತ್ತೇನೆ. ಹಗ್ಗವನ್ನು ಒಂದಿಷ್ಟೇ ಬಿಗಿ ಮಾಡುತ್ತಾರೆ, ಜಗ್ಗುವುದಿಲ್ಲ, ಹಿಡಿದು ಕಾಯುತ್ತಾರೆ. ಕುದುರೆ ಒಂದು ಕಡೆ ತಲೆ ಕೊಟ್ಟಿತೋ, ತಕ್ಷಣ ಸಡಿಲ ಬಿಡುತ್ತಾರೆ. ಆ ಬಿಡುವುದೇ ಕೂಲಿ. ತಡವಾಗಿ ಬಿಟ್ಟರೆ ಕುದುರೆಗೆ ಯಾವುದಕ್ಕೆ ಬಿಟ್ಟರು ಅಂತ ಗೊತ್ತಾಗುವುದಿಲ್ಲ. ನಾವೆಲ್ಲ ಎಳೆಯುವುದರಲ್ಲಿ ಜಾಣರು, ಬಿಡುವ ಹೊತ್ತು ನಮಗೆ ತಿಳಿಯುವುದಿಲ್ಲ. ನಾನು ಮಾಡಿದಾಗ ಒಂದು ಉಸಿರಿನಷ್ಟು ತಡವಾಗುತ್ತಿತ್ತು, ಅಷ್ಟಕ್ಕೇ ಚಿಗರಿ ಗೊಂದಲವಾಗಿ ತಲೆ ಒದರುತ್ತಿತ್ತು. ಟಾಂಗಾ ಹೊಡೆದವರಿಗೆ ಇಷ್ಟು ನವಿರು ಕೈ ಹೇಗೆ ಬಂತು ಎಂದು ಕೇಳಿದೆ. ಟಾಂಗಾ ಕುದುರೆಯ ಬಾಯಿ ಕಲ್ಲಾಗಿರುತ್ತದೆ, ಇಪ್ಪತ್ತು ವರ್ಷ ಕಲ್ಲು ಜಗ್ಗಿದ ಮೇಲೆ ಬುದ್ಧಿ ಬಂತು ಎಂದರು.

ಆಮೇಲೆ ಗೊಬ್ಬರದ ಖಾಲಿ ಚೀಲ. ಅದನ್ನು ಕೋಲಿಗೆ ಕಟ್ಟಿ ದೂರದಲ್ಲಿ ಸರಸರ ಅನ್ನಿಸುತ್ತಾರೆ, ಚಿಗರಿ ಓಡುವುದನ್ನು ಬಿಟ್ಟು ನಿಂತು ನೋಡಿದರೆ ಚೀಲ ಕೆಳಗೆ. ದಿನಾ ಒಂದೊಂದು ಮಾರು ಹತ್ತಿರ. ಕೊನೆಗೆ ಮೈಮೇಲೆ ಹಾಕಿ ತೆಗೆಯುತ್ತಾರೆ. ಎಡಗಡೆ ಹೀಗೆ ಪೂರ್ತಿ ರೂಢಿಯಾದ ಚೀಲ ಬಲಗಡೆಯಿಂದ ಬಂದಾಗ ಚಿಗರಿ ಹೊಸದಾಗಿ ಹುಲಿ ಕಂಡ ಹಾಗೆ ಹಾರಿತು, ಅದನ್ನು ನಾನೇ ಕಣ್ಣಾರೆ ನೋಡಿದೆ. ಕುದುರೆಯ ಕಣ್ಣು ತಲೆಯ ಎರಡು ಮಗ್ಗುಲಿಗೆ ಇರುವುದರಿಂದ ಸುತ್ತಲಿನದೆಲ್ಲ ಹೆಚ್ಚು ಕಡಿಮೆ ಕಾಣುತ್ತದೆ, ಹಣೆಯ ನೇರ ಮುಂದೆ ಸ್ವಲ್ಪ ಜಾಗ, ಬಾಲದ ನೇರ ಹಿಂದೆ ಸ್ವಲ್ಪ ಜಾಗ ಮಾತ್ರ ಕಾಣುವುದಿಲ್ಲ. ಹಾಗಾಗಿ ಎಲ್ಲ ಪಾಠವೂ ಎರಡು ಸಲ, ಒಂದು ಎಡಕ್ಕೆ, ಒಂದು ಬಲಕ್ಕೆ. ಹಿಂದಿನಿಂದ ಸದ್ದಿಲ್ಲದೆ ಹೋಗಿ ತೊಡೆ ತಟ್ಟುವುದು ನನ್ನ ಅಭ್ಯಾಸವಾಗಿತ್ತು. ಒದೆ ತಿನ್ನದೆ ಇಷ್ಟು ದಿನ ಉಳಿದಿದ್ದು ನನ್ನ ಪುಣ್ಯ.

ನನಗೆ ತುಂಬಾ ಇಷ್ಟವಾದ ಕೆಲಸ ಎರಡು ಉದ್ದ ಹಗ್ಗದ ಪಾಠ. ಕಡಿವಾಣದ ಎರಡೂ ಬದಿಗೆ ಹಗ್ಗ ಹಾಕಿ, ಹಿಂದೆ ದೂರದಲ್ಲಿ ನಡೆಯುತ್ತಾ, ಎತ್ತಿನ ಹಿಂದೆ ಕುಂಟೆ ಹೊಡೆದ ಹಾಗೆ ನಡೆಸುವುದು. ಸುಮಾರು 60 ಅಡಿ ಅಗಲದ ದುಂಡು ಬೇಲಿಯಿಂದ ಶುರುವಾಗಿ ಆಮೇಲೆ ಲಿಂಬೆ ಗಿಡಗಳ ನಡುವೆ. ಬೆನ್ನ ಮೇಲೆ ಒಂದು ಕಿಲೋ ಭಾರ ಇಲ್ಲದೆ ಚಿಗರಿ ನಿಲ್ಲುವುದು, ತಿರುಗುವುದು, ಹಿಂದೆ ಸರಿಯುವುದು ಎಲ್ಲ ಕಲಿತಿದ್ದು ಹೀಗೆ. ಕಡಿವಾಣವೂ ಬೇರೆ, ನುಣುಪು, ನಡುವೆ ಒಂದು ಕೀಲು. ಕುದುರೆಯ ಬಾಯಲ್ಲಿ ಮುಂದಿನ ಹಲ್ಲಿಗೂ ದವಡೆ ಹಲ್ಲಿಗೂ ನಡುವೆ ಬರೀ ವಸಡಿನ ಜಾಗ ಇದೆ, ಕಡಿವಾಣ ಕೂರುವುದು ಅಲ್ಲಿ. ತೆಳ್ಳಗಿನ ಚರ್ಮ, ಅದರ ಕೆಳಗೆ ನೇರ ಎಲುಬು. ಒಮ್ಮೆ ನಿಮ್ಮ ಮೊಣಕಾಲಿನ ಕೆಳಗಿನ ಎಲುಬಿಗೆ ಕಬ್ಬಿಣ ಬಡಿಸಿಕೊಂಡು ನೋಡಿ, ಅಂದಾಜು ಆಗುತ್ತದೆ.

ಜೀನಿನ ವಿಷಯಕ್ಕೆ ಬಂದರೆ ನಾನು ಕಾನಪುರದ ಮಾಲು ಅಂತ ಆನ್‌ಲೈನ್‌ನಲ್ಲಿ ತರಿಸಿದ್ದೆ, ನೋಡಲು ಬಲು ಚೆಂದ. ಚಾಚಾ ಅದನ್ನು ಬೆನ್ನ ಮೇಲಿಟ್ಟು, ಹೆಗಲ ಎಲುಬಿಗೂ ಜೀನಿಗೂ ನಡುವೆ ಬೆರಳು ತೂರಿಸಿ ನೋಡಿ, ಕೆಳಗಿಳಿಸಿ ಪಕ್ಕಕ್ಕಿಟ್ಟರು. ಎರಡು ಮೂರು ಬೆರಳಿನಷ್ಟು ಜಾಗ ಇರಬೇಕಂತೆ, ನನ್ನದರಲ್ಲಿ ಅರ್ಧ ಬೆರಳೂ ಹೋಗಲಿಲ್ಲ. ಅವರ ಹಳೇ ಜೀನು ಹಾಕಿ ಕೆಳಗೆ ಕುರುಬರು ನೇಯ್ದ ಕಂಬಳಿ ಮಡಚಿ ಇಟ್ಟರು. ಕೆಲಸ ಮುಗಿದ ಮೇಲೆ ಜೀನು ಬಿಚ್ಚಿ ಬೆವರು ನೋಡುತ್ತಾರೆ. ಬೆನ್ನೆಲ್ಲ ಬೆವರಿ ನಡುವೆ ಒಂದು ಕಡೆ ಮಾತ್ರ ಒಣಗಿದ್ದರೆ ಅಲ್ಲಿ ಜೀನು ಒತ್ತುತ್ತಿದೆ ಎಂದು ಅರ್ಥ. ಹಾಗೇ ಬಿಟ್ಟರೆ ಮುಂದೆ ಅಲ್ಲಿ ಬಿಳಿ ಕೂದಲು ಹುಟ್ಟುತ್ತದೆ. ಅಕಲೂಜಿನಲ್ಲಿ ಬೆನ್ನ ಮೇಲೆ ಬಿಳಿ ಮಚ್ಚೆ ಇದ್ದ ಕುದುರೆಯನ್ನು ತೋರಿಸಿ ಇದು ಲಕ್ಷ್ಮಿ ಗುರುತು ಎಂದಿದ್ದರು ನನಗೆ! ನನ್ನ ಚೆಂದದ ಜೀನು ಈಗ ಅಟ್ಟದ ಮೇಲಿದೆ.

ಎರಡನೇ ತಿಂಗಳ ಕೊನೆಗೆ ಹುಡುಗ ಏರಿದ. ಏರಿದ ಅಂದರೆ ಕೂತ ಅಂತಲ್ಲ. ಮೊದಲು ಗೋಣಿ ಚೀಲದ ಹಾಗೆ ಬೆನ್ನ ಮೇಲೆ ಅಡ್ಡ ಬಿದ್ದುಕೊಂಡ, ಇಳಿದ. ಮತ್ತೆ ಬಿದ್ದುಕೊಂಡ, ಇಳಿದ. ಬಲಗಡೆಯಿಂದಲೂ ಹಾಗೇ. ಮೂರನೇ ದಿನ ಕಾಲು ಆ ಕಡೆ ಹಾಕಿದ. ಚಾಚಾ ಮುಂದೆ ಹಗ್ಗ ಹಿಡಿದು ಹತ್ತು ಹೆಜ್ಜೆ ನಡೆಸಿದರು. ಚಿಗರಿ ಒಂದು ಕಿವಿ ಹಿಂದೆ ತಿರುಗಿಸಿ ಹುಡುಗನ ಮಾತು ಕೇಳಿಸಿಕೊಳ್ಳುತ್ತಾ ನಡೆಯಿತು. ಕುಣಿಯಲಿಲ್ಲ, ನೊರೆ ಇಲ್ಲ, ಕತ್ತು ಬಾಗಲಿಲ್ಲ. ವಿಡಿಯೊ ಮಾಡಲು ಏನೂ ಇರಲಿಲ್ಲ. ನಾನು ಬೇಲಿ ಹಿಡಿದುಕೊಂಡು ನಿಂತಿದ್ದೆ, ಗಂಟಲು ಕಟ್ಟಿತ್ತು, ಯಾರಿಗೂ ಹೇಳಬೇಡಿ.

ಇಲ್ಲಿಂದ ನನ್ನ ತಕರಾರು ಶುರು. ಮರುವಾರ, ಇನ್ನು ನಾನು ಏರಲೇ ಎಂದು ಕೇಳಿದೆ. ಚಾಚಾ ನನ್ನನ್ನು ಮೇಲಿಂದ ಕೆಳಗೆ ನೋಡಿ ತೂಕ ಎಷ್ಟು ಎಂದರು. 84. ಜೀನು ಏಳು ಕಿಲೋ. ಆಮೇಲೆ ಟೇಪು ತಂದು ಚಿಗರಿಯನ್ನು ಅಳೆದರು. ಲೆಕ್ಕ ಹೀಗೆ: ಮುಂಗಾಲಿನ ಹಿಂದೆ ಎದೆ ಸುತ್ತಳತೆ ಸೆಂಟಿಮೀಟರಿನಲ್ಲಿ, ಅದನ್ನು ಅದರಿಂದಲೇ ಗುಣಿಸಿ, ಭುಜದ ಮೊನೆಯಿಂದ ಪೃಷ್ಠದ ಮೊನೆಯವರೆಗಿನ ಉದ್ದದಿಂದ ಗುಣಿಸಿ, 11,880ರಿಂದ ಭಾಗಿಸಿದರೆ ಕಿಲೋದಲ್ಲಿ ಅಂದಾಜು ತೂಕ ಸಿಗುತ್ತದೆ. ಸುತ್ತಳತೆ 168, ಉದ್ದ 155, ಬಂದಿದ್ದು 368. ನನಗೆ ನಂಬಿಕೆ ಬರದೆ ಗಾಡಿ ಸಮೇತ ಕಬ್ಬು ತೂಗುವ ಕಾಟಾದ ಮೇಲೆ ನಿಲ್ಲಿಸಿ, ಖಾಲಿ ಗಾಡಿಯ ತೂಕ ಕಳೆದು ನೋಡಿದೆ, 370. ಪೂರ್ತಿ ಬೆಳೆದ ಕುದುರೆಗೂ ಸವಾರ, ಜೀನು ಎರಡೂ ಸೇರಿ ಅದರ ತೂಕದ ಐದನೇ ಒಂದು ಭಾಗ ದಾಟಬಾರದು ಎಂದು ಸವಾರಿ ತಿಳಿದವರು ಸಾಮಾನ್ಯವಾಗಿ ಹೇಳುತ್ತಾರೆ. ಅಂದರೆ 74. ನಾನು ಜೀನು ಸೇರಿ 91. ಮೂರೂವರೆ ವರ್ಷದ್ದಕ್ಕೆ ಇನ್ನೂ ಕಡಿಮೆ ಇರಬೇಕು. ಹುಡುಗ 50 ಕಿಲೋ, ಅವನಿಗೆ ತೊಂದರೆ ಇಲ್ಲ.

"ಇನ್ನೊಂದ ವರ್ಷ ಕಾಯ್ರಿ, ಇಲ್ಲಾ ನೀವ ಇಳೀರಿ" ಎಂದರು. ಇಳೀರಿ ಅಂದರೆ ಕುದುರೆಯಿಂದ ಅಂತ ತಿಳಿದೆ ಮೊದಲು.

ಮಾತು ಸರಿ, ಒಪ್ಪುತ್ತೇನೆ. ಆದರೆ ಈ ಮಾತನ್ನು ಮೊದಲ ದಿನವೇ ಹೇಳಬಹುದಿತ್ತು ಅಲ್ವಾ? ಹಲ್ಲು ನೋಡಿದ ಮನುಷ್ಯ ನನ್ನ ಹೊಟ್ಟೆ ನೋಡಲಿಲ್ಲವೇ? 30,000 ಕೊಟ್ಟಾದ ಮೇಲೆ ಹೇಳಿದ್ದು. ಕೇಳಿದ್ದಕ್ಕೆ, ಮೊದಲೇ ಹೇಳಿದ್ದರೆ ನೀವು ಕುದುರೆಯನ್ನು ಆ 15 ದಿನದವರ ಹತ್ತಿರವೇ ತಿರುಗಿ ಒಯ್ಯುತ್ತಿದ್ದಿರಿ ಎಂದರು. ಇರಬಹುದು, ಅವತ್ತಿನ ನನ್ನ ಬುದ್ಧಿಗೆ ಅದೂ ಸಾಧ್ಯವಿತ್ತು. ಆದರೂ ಗಿರಾಕಿಗೆ ಮೊದಲು ಹೇಳಬೇಕಾದ್ದನ್ನು ಮೊದಲು ಹೇಳಬೇಕು. ಒಂದು ಸ್ಟಾರ್ ಇಲ್ಲಿ ಹೋಯಿತು. ನೀವು ಹೋಗುವುದಾದರೆ ಮೊದಲ ದಿನವೇ ನಿಮ್ಮ ತೂಕ ಹೇಳಿ, ಈ ಕುದುರೆ ನನ್ನನ್ನು ಯಾವಾಗ ಹೊರುತ್ತದೆ ಅಂತ ನೇರ ಕೇಳಿ.

ಮೇವಿನ ಬಗ್ಗೆ ಎರಡು ಮಾತು. ನಾನು ದಿನಾ ಎರಡು ಹೊತ್ತು ನೆನೆಸಿದ ಕಡಲೆ, ಹುರಳಿ ಬುಟ್ಟಿಗಟ್ಟಲೆ ಹಾಕುತ್ತಿದ್ದೆ, ಪ್ರೀತಿ ಅಂತ. ಚಾಚಾ ಅದನ್ನು ಹಿಡಿಗಳ ಲೆಕ್ಕಕ್ಕೆ ಇಳಿಸಿ, ಒಣ ಹುಲ್ಲು, ಕುದುರೆ ಮಸಾಲೆ ಸೊಪ್ಪು (ಲೂಸರ್ನ್ ಮೇವು) ಜಾಸ್ತಿ ಮಾಡಿದರು. ಕಾಳು ಹೆಚ್ಚಾದರೆ ಗೊರಸಿನ ಒಳಗೆ ಉರಿ ಎದ್ದು ಕುಂಟುತ್ತದೆ, ಹೊಟ್ಟೆ ಶೂಲೆಯೂ ಬರುತ್ತದೆ, ಕುದುರೆಗೆ ವಾಂತಿ ಮಾಡಲು ಬರುವುದಿಲ್ಲ, ಒಳಗೆ ಹೋದದ್ದು ಹೊಟ್ಟೆ ದಾಟಿಯೇ ಹೋಗಬೇಕು. ನಮ್ಮ ಕಡೆಯವರು ನೆನಪಿಡಬೇಕಾದ್ದು ಇನ್ನೊಂದು, ಹಸಿ ಜೋಳದ ಬೆಳೆಗೆ ಬಿಡಬೇಡಿ. ಎಳೆ ಜೋಳ ದನಕ್ಕೆ ವಿಷ ಅಂತ ಎಲ್ಲರಿಗೂ ಗೊತ್ತು, ಕುದುರೆಗೂ ಅದು ಆಗುವುದಿಲ್ಲ. ಕಾಳು ಇಳಿಸಿದ ಹತ್ತೇ ದಿನದಲ್ಲಿ ಚಿಗರಿಯ ಅರ್ಧ ತುಂಟತನ ತಾನಾಗೇ ಇಳಿಯಿತು.

ಅಲ್ಲಿ ಇದ್ದ ಬೇರೆ ಪ್ರಾಣಿಗಳಲ್ಲಿ ನನಗೆ ಹಿಡಿಸಿದ್ದು ಒಬ್ಬ ಕುರಿಗಾರನ ತಟ್ಟು ಕುದುರೆ. ಕುರಿ ಹಿಂಡಿನ ಜೊತೆ ಊರೂರು ತಿರುಗುವಾಗ ಕಂಬಳಿ, ಪಾತ್ರೆ, ಈದ ಕುರಿಮರಿಗಳನ್ನು ಹೊರುವುದು ಅದರ ಕೆಲಸ. ಗಿಡ್ಡ, ಒರಟು ಕೂದಲು, ಗೊರಸು ಕಬ್ಬಿಣದ ಹಾಗೆ. ಭೀಮಾ ನದಿಯ ತಡಿಯಲ್ಲಿ ಬೆಳೆದ ಭೀಮಥಡಿ ಜಾತಿಯ ನೆಂಟ ಇರಬೇಕು, ಆ ಜಾತಿಗೆ ಈಗ ಸರ್ಕಾರದ ತಳಿ ಪಟ್ಟಿಯಲ್ಲಿ ಹೆಸರು ಸಿಕ್ಕಿದೆ. ಕನ್ನಡದಲ್ಲಿ ತಡಿ ಅಂದರೆ ದಂಡೆ, ಕುದುರೆಯ ಬೆನ್ನಿಗೆ ಹಾಕುವ ಮೆತ್ತೆಗೂ ತಡಿ ಅನ್ನುತ್ತಾರೆ, ಎರಡೂ ಅದಕ್ಕೆ ಒಪ್ಪುತ್ತವೆ. ಆದಿಲ್‌ಶಾಹಿ ಕಾಲದಲ್ಲಿ ಅರಬ್ ಕುದುರೆಗಳು ಹಡಗಿನಲ್ಲಿ ಗೋವಾಕ್ಕೆ ಬಂದು ಇಳಿಯುತ್ತಿದ್ದವು, 1510ರಲ್ಲಿ ಗೋವಾ ಪೋರ್ಚುಗೀಸರ ಪಾಲಾದ ಮೇಲೆ ಆ ವ್ಯಾಪಾರದ ಲಗಾಮು ಅವರ ಕೈಗೆ ಹೋಯಿತು. ಅಷ್ಟು ರೊಕ್ಕ ಸುರಿದು ಸಮುದ್ರ ದಾಟಿಸಿ ತರಿಸುತ್ತಿದ್ದ ಊರಿನಲ್ಲಿ ಈ ತಟ್ಟು ಒಂದು ರೂಪಾಯಿ ಲಾಳವಿಲ್ಲದೆ ಕಲ್ಲಿನ ಮೇಲೆ ನಡೆಯುತ್ತದೆ. ಹೇಸರಗತ್ತೆ ಪಳಗಿಸಿದ್ದೀರಾ ಎಂದೂ ಕೇಳಿದೆ. ಒಂದೇ ಒಂದು ಸಲ, ಎಂದರು ಚಾಚಾ. ಕುದುರೆ ಹೆದರಿದರೆ ಓಡುತ್ತದೆ, ಹೇಸರಗತ್ತೆ ನಿಂತುಬಿಡುತ್ತದೆ, ನಿಂತದ್ದನ್ನು ಹೊಡೆದರೆ ಅದು ಹೊಡೆದವನನ್ನು ಮರೆಯುವುದಿಲ್ಲ ಎಂದು ಹೇಳಿ ತಮ್ಮ ಎಡ ಮೊಣಕಾಲು ಸವರಿಕೊಂಡರು.

ಅಕ್ಟೋಬರ್ ಕೊನೆಗೆ ಮನೆಗೆ ತಂದೆ. ಕೊನೆಯ ನಾಲ್ಕು ದಿನ ನನಗೂ ಪಾಠ ಹೇಳಿಕೊಟ್ಟರು, ಈ ತೂಕದಲ್ಲೇ ಏರುವುದಾದರೆ 20 ನಿಮಿಷ, ಬರೀ ನಡಿಗೆ, ದುಲ್ಕಿ (ನಡಿಗೆಗೂ ಓಟಕ್ಕೂ ನಡುವಿನ ಗತಿ) ಬೇಡ, ಓಟ ಅಂತೂ ಬೇಡವೇ ಬೇಡ. ಒಂದು ತಿಂಗಳು ಸ್ವರ್ಗ. ಬೆಳಿಗ್ಗೆ ಆರಕ್ಕೆ ಕಾಲುವೆ ದಂಡೆಯ ಮೇಲೆ ಹೋಗಿ ಬರುತ್ತಿದ್ದೆ, ಒಂದು ಬೆರಳಿನಲ್ಲಿ ಲಗಾಮು.

ಆಮೇಲೆ ಕಬ್ಬಿನ ಹಂಗಾಮು ಬಂತು. ನಮ್ಮ ಕಡೆಯ ಕಬ್ಬಿನ ಟ್ರ್ಯಾಕ್ಟರ್ ನೋಡದವರಿಗೆ ಹೇಳುತ್ತೇನೆ: ಹಿಂದೆ ಎರಡು ಟ್ರೇಲರ್, ಮೇಲೆ ಮನೆಯೆತ್ತರ ಕಬ್ಬು, ಅದರ ಸೋಗೆ ಎರಡೂ ಕಡೆ ರಸ್ತೆ ಗುಡಿಸುತ್ತಾ, ಮಿಣಮಿಣ ದೀಪ, ಮುಂದೆ ಎರಡು ಸ್ಪೀಕರು, ಅದರಲ್ಲಿ ಊರಿಗೆಲ್ಲ ಕೇಳುವ ಹಾಡು. ಅದು ಹಿಂದಿನಿಂದ ಬಂತು. ಚಿಗರಿ ಇದ್ದಲ್ಲೇ ಒಂದು ಸುತ್ತು ತಿರುಗಿತು, ನಾನು ತಿರುಗಲಿಲ್ಲ. ಜಾಲಿ ಕಂಟಿಯಲ್ಲಿ ಬಿದ್ದೆ. ಎಲುಬು ಮುರಿಯಲಿಲ್ಲ, ಮುಳ್ಳು ಮಾತ್ರ ಹೆಂಡತಿ ಸಂಜೆಯವರೆಗೆ ತೆಗೆದಳು, ಎಮ್ಮೆಯ ಮಾತು ಮತ್ತೆ ಬಂತು. ಕುದುರೆ ಎರಡು ಹೊಲ ದಾಟಿ ನಿಂತಿತ್ತು.

ಚಾಚಾಗೆ ಫೋನ್ ಮಾಡಿದೆ, ಎತ್ತಲಿಲ್ಲ. ಅವರು ಫೋನ್ ಎತ್ತುವುದು ಮಧ್ಯಾಹ್ನ ಊಟದ ಹೊತ್ತಿನಲ್ಲಿ ಮಾತ್ರ. ಮರುದಿನ ಹೋಗಿ ಹೇಳಿದೆ. ಲಾಯ ತೋಟದ ಒಳಗೆ ಇರುವುದರಿಂದ ಅಲ್ಲಿ ರಸ್ತೆಯ ಪಾಠವೇ ಇಲ್ಲ, ಇದು ನಿಮ್ಮ ಕಡೆಯ ಕೊರತೆ ಎಂದು ನೇರ ಹೇಳಿದೆ. ಅವರು ವಾದ ಮಾಡಲಿಲ್ಲ, "ತಪ್ಪ ನಂದ ಐತಿ, ತರ್ರಿ" ಎಂದರು. ಇದಕ್ಕೇ ನಾನು ಎರಡನೇ ಸ್ಟಾರ್ ಕಳೆಯಲಿಲ್ಲ.

12 ದಿನ ಇಟ್ಟುಕೊಂಡರು, ಮೇವಿನ ಖರ್ಚು ಬಿಟ್ಟು ಏನೂ ತೆಗೆದುಕೊಳ್ಳಲಿಲ್ಲ. ಪಕ್ಕದ ಹೊಲದವರ ಟ್ರ್ಯಾಕ್ಟರ್ ನಿಲ್ಲಿಸಿ, ಅದರ ಟ್ರೇಲರ್ ಮೇಲೆಯೇ ಹುಲ್ಲು ಹಾಕಿದರು. ಹಸಿವಾದ ಮೇಲೆ ಚಿಗರಿ ತಾನೇ ಬಂದು ತಿಂದಿತು. ಆಮೇಲೆ ಇಂಜಿನ್ ಚಾಲು. ಆಮೇಲೆ ಹಾಡು, ಮೊದಲು ಸಣ್ಣಗೆ. ಕೊನೆಗೆ ನನಗೆ ಹೊಳೆಯದ ಒಂದು ಕೆಲಸ ಮಾಡಿದರು. ಟ್ರ್ಯಾಕ್ಟರನ್ನು ಮುಂದೆ ಹೋಗಲು ಬಿಟ್ಟು ಚಿಗರಿಯನ್ನು ಅದರ ಹಿಂದೆ ನಡೆಸಿದರು. ತನ್ನಿಂದ ದೂರ ಓಡುವುದನ್ನು ಕಂಡು ಯಾವ ಕುದುರೆ ಹೆದರುತ್ತದೆ? ನಾಲ್ಕನೇ ದಿನಕ್ಕೆ ಟ್ರೇಲರಿನ ಬಾಲ ಹಿಡಿದು ಸೋಗೆ ಕೀಳುತ್ತಾ ಹೋಯಿತು. ಈಗ ಕಬ್ಬಿನ ಗಾಡಿ ಕಂಡರೆ ಓಡುವುದಿಲ್ಲ, ಬೆನ್ನು ಹತ್ತುತ್ತದೆ. ಅದು ಬೇರೆ ತಲೆನೋವು.

ಉಳಿದ ಸಣ್ಣಪುಟ್ಟ ದೂರು: ಬಿಲ್ಲು ಕೊಡುವುದಿಲ್ಲ, ರೊಕ್ಕ ಕೈಗೇ ಕೊಡಬೇಕು. ದುಂಡು ಬೇಲಿಯ ಮೇಲೆ ಚಾವಣಿ ಇಲ್ಲ, ಸೆಪ್ಟೆಂಬರ್ ಮಳೆಗೆ ಕೆಸರಾಗಿ ಎಂಟು ಒಂಬತ್ತು ದಿನ ಕೆಲಸ ನಿಂತಿತ್ತು, ಆದರೆ ತಿಂಗಳ ಹಣ ಪೂರ್ತಿ. ನೊಣ ವಿಪರೀತ. ಮಾಲೀಕರಿಗೆ ನಾಲ್ಕು ದಿನದ ಪಾಠ ಏನೇನೂ ಸಾಲದು, ಹತ್ತು ದಿನ ಕೇಳಿ ತೆಗೆದುಕೊಳ್ಳಿ. ಆರು ಎಂಟು ವಾರಕ್ಕೊಮ್ಮೆ ಗೊರಸು ಕತ್ತರಿಸಿ ಲಾಳ ಕಟ್ಟುವವರು ಬರುತ್ತಾರೆ, ಅವರ ಕೂಲಿ ನಿಮ್ಮದು, ಇದನ್ನೂ ಮೊದಲೇ ಹೇಳುವುದಿಲ್ಲ. ಗಾಡಿ ಶರ್ಯತ್ತಿನ (ಬಂಡಿ ಓಟದ ಪಂದ್ಯದ) ಕುದುರೆ ತಂದರೆ ತೆಗೆದುಕೊಳ್ಳುವುದಿಲ್ಲ, ಜಮಖಂಡಿಯ ನನ್ನ ಗೆಳೆಯನನ್ನು ಚಹಾ ಕುಡಿಸಿ ವಾಪಸ್ ಕಳಿಸಿದರು.

ಮುಂದಿನ ತಿಂಗಳು ಚಿಗರಿಯ ಮೂಲೆ ಹಲ್ಲು ತೋರಿಸಲು ಹೋಗಬೇಕು, ಅದು ಬಂದಿದ್ದರೆ ದುಲ್ಕಿ ಶುರು ಮಾಡಬಹುದು ಎಂದಿದ್ದಾರೆ. ನಾನು ಈಗ 79 ಕಿಲೋ. ಫೋನಿನಲ್ಲಿ ಹೇಳಿದೆ, ಊಟದ ಹೊತ್ತಾಗಿತ್ತು, ಎತ್ತಿದರು. ಬರುವಾಗ ಕಾಟಾದ ಚೀಟಿ ತನ್ನಿ ಎಂದರು. ಕುದುರೆಯದಾ ಎಂದು ಕೇಳಿದೆ. "ನಿಮ್ದ್ರಿ" ಎಂದರು.